ಸಂದು ಬಿಡದ ಬಡಗಿ

ಆ ಬೀದಿಯಲ್ಲಿ ಮೂರು ಸಲ ತಳ್ಳಿ ನಾಲ್ಕನೆಯ ಸಲ ಒದ್ದರೆ ಮಾತ್ರ ತೆರೆಯುವ ಬಾಗಿಲು ಕಂಡರೆ, ಅದು ಬಿಗಿ ತಾತನ ಕೈಕೆಲಸ ಎಂದು ಕಣ್ಣು ಮುಚ್ಚಿಕೊಂಡು ಹೇಳಬಹುದಿತ್ತು. ಅವನು ಮಾಡಿದ ಕಿಟಕಿಯಲ್ಲಿ ಗಾಳಿ ನುಸುಳುತ್ತಿರಲಿಲ್ಲ, ಸೊಳ್ಳೆ ನುಸುಳುತ್ತಿರಲಿಲ್ಲ, ಸೆಕೆ ತಾಳದೆ ಮನೆಯವರೇ ತೆರೆಯಲು ಹೋದರೆ ಅದೂ ಆಗುತ್ತಿರಲಿಲ್ಲ. ಮೂಲೆಮನೆಯ ಟೈಲರ್ ತನ್ನ ಬೀರುವನ್ನು ವರ್ಷಕ್ಕೊಮ್ಮೆ, ಇಬ್ಬರು ಅಳಿಯಂದಿರೂ ಒಟ್ಟಿಗೆ ಬಂದಾಗ, ತೆಗೆಸಿಕೊಳ್ಳುತ್ತಿದ್ದ. ಯಾರಾದರೂ ದೂರು ತಂದರೆ ತಾತನಿಗೆ ಎಲ್ಲಿಲ್ಲದ ಸಂತೋಷ. "ಬಿಗಿ ಇದೆಯಾ? ಇರ್ಲಿ ಬಿಡಿ. ಸಂದು ಬಿಟ್ಟೋನು ಬಡಗಿನೇ ಅಲ್ಲ," ಎನ್ನುತ್ತಿದ್ದ. ಅವನು ಉಳಿ ಹಿಡಿದು ಐವತ್ತು ವರ್ಷವಾಗಿತ್ತು, ಈ ಮಾತಿಗೂ ಅಷ್ಟೇ ವಯಸ್ಸು.

ಈ ಬಿಗಿಯ ಮೊದಲ ಬಲಿ ಅವನ ಹೆಂಡತಿ. ಅಡುಗೆಮನೆಯಲ್ಲಿ ಚಮಚದ ಡ್ರಾಯರ್ ಎಳೆಯಬೇಕೆಂದರೆ ಅಜ್ಜಿ ಒಂದು ಕಾಲನ್ನು ಗೋಡೆಗೆ ಊರಿ, ಎರಡೂ ಕೈಯಲ್ಲಿ ಹಿಡಿಕೆ ಹಿಡಿದು, ಹಿಂದಕ್ಕೆ ವಾಲಬೇಕಿತ್ತು. ಮದುವೆಯಾದ ವರ್ಷ ಅವನು ಪ್ರೀತಿಯಿಂದ ಮಾಡಿಕೊಟ್ಟ ಡ್ರಾಯರ್ ಅದು. ಪ್ರೀತಿಯನ್ನು ಬೈಯುವುದು ಹೇಗೆಂದು ಅವಳು ಸುಮ್ಮನಿದ್ದಳು. ಸುಮ್ಮನಿದ್ದಳೆಂದರೆ, ದಿನಕ್ಕೆ ಎರಡೇ ಸಲ ಬೈಯುತ್ತಿದ್ದಳು.

ತಾತನ ಕೆಲಸವನ್ನು ಮನಸಾರೆ ಮೆಚ್ಚುವ ಜೀವ ಮನೆಯಲ್ಲಿ ಒಂದೇ ಒಂದು ಇತ್ತು. ಅದು ಆರು ವರ್ಷದ ಮೊಮ್ಮಗಳು. ಮಗಳು ಔಷಧಿ ಅಂಗಡಿಯ ಕೆಲಸಕ್ಕೆ ಹೋದ ಮೇಲೆ ಈ ಹುಡುಗಿ ಮುಂದಿನ ಕೋಣೆಯಲ್ಲಿ, ತಾತನ ಕೆಲಸದ ಮೇಜಿನ ಕೆಳಗೆ ಕೂತುಬಿಡುತ್ತಿದ್ದಳು. ಸ್ಕ್ರೂಗಳನ್ನೆಲ್ಲ ಉದ್ದದ ಪ್ರಕಾರ ಸಾಲಾಗಿ ಇಡುತ್ತಿದ್ದಳು. ಯಾರಾದರೂ ಒಂದನ್ನು ಕದಲಿಸಿದರೆ ಮನೆ ಹಾರಿಹೋಗುವಂತೆ ಕಿರುಚುತ್ತಿದ್ದಳು. ಮುಖ ನೋಡಿ ಮಾತಾಡುತ್ತಿರಲಿಲ್ಲ. ತೀರ ಹತ್ತಿರ ಕೂತರೆ ಎದ್ದು ಹೋಗುತ್ತಿದ್ದಳು. ಪ್ರಶ್ನೆ ಕೇಳಿದರೆ ಉತ್ತರ ಬರುತ್ತಿತ್ತು, ಆದರೆ ಯಾವಾಗ ಎಂದು ಹೇಳುವಂತಿರಲಿಲ್ಲ. "ಹಾಲು ಬೇಕಾ?" ಎಂದು ಬೆಳಿಗ್ಗೆ ಕೇಳಿದ್ದಕ್ಕೆ ಮರುದಿನ ಮಧ್ಯಾಹ್ನ "ಬೇಡ" ಎಂದದ್ದುಂಟು. ಅಷ್ಟರಲ್ಲಿ ಅವಳು ಆ ಹಾಲನ್ನು ಕುಡಿದು, ಲೋಟ ತೊಳೆದಿಟ್ಟು, ಎಲ್ಲರೂ ಮರೆತೂ ಆಗಿತ್ತು.

"ಮಾತು ಬೆಳ್ಳಿ, ಮೌನ ಬಂಗಾರ. ನನ್ನ ಮೊಮ್ಮಗಳದ್ದು ಅಪ್ಪಟ ಬಂಗಾರ," ಎಂದು ತಾತ ಬೀಗುತ್ತಿದ್ದ.

ಶಾಲೆಗೆ ಮಾತ್ರ ಬಂಗಾರದ ಬೆಲೆ ಗೊತ್ತಿರಲಿಲ್ಲ. ಗಂಟೆ ಹೊಡೆದಾಗಲೆಲ್ಲ ಈ ಹುಡುಗಿ ಕಿವಿ ಮುಚ್ಚಿಕೊಂಡು ಬೆಂಚಿನ ಕೆಳಗೆ ಹೋಗುತ್ತಿದ್ದಳು. "ಎಲ್ಲರೂ ಪುಸ್ತಕ ತೆಗೀರಿ" ಎಂದರೆ ಎಲ್ಲರೂ ತೆಗೆದು, ಓದಿ, ಮುಚ್ಚಿದ ಮೇಲೆ ಇವಳು ತೆಗೆಯುತ್ತಿದ್ದಳು. ಉಳಿದ ಮಕ್ಕಳು ನಗುತ್ತಿದ್ದರು. ಕ್ಲಾಸ್ ಟೀಚರ್ ಒಂದು ಚೀಟಿ ಕಳಿಸಿದರು. ಮಗುವನ್ನು ಬೆಳವಣಿಗೆ ಕೇಂದ್ರದಲ್ಲಿ ತೋರಿಸಿ, ಅವರು ವರದಿ ಕೊಟ್ಟರೆ ಪಕ್ಕದಲ್ಲಿ ಕೂತು ಹೇಳಿಕೊಡಲು ಇನ್ನೊಬ್ಬ ಟೀಚರ್ ಸಿಗುತ್ತಾರೆ, ವರದಿ ಇಲ್ಲದಿದ್ದರೆ ಸಿಗುವುದಿಲ್ಲ ಎಂದು ಅದರಲ್ಲಿತ್ತು.

ತಾತ ಕೆರಳಿ ಕೆಂಡವಾದ. "ನನ್ನ ಮಗುಗೆ ಏನಾಗಿದೆ? ಹೆಸರಿಟ್ರೆ ಆ ಹೆಸರು ಅಂಟ್ಕೊಂಡ್ಬಿಡುತ್ತೆ. ಆಮೇಲೆ ಕೆರೆದ್ರೂ ಹೋಗಲ್ಲ."

"ಹೆಸರಿಡದೆ ಇದ್ರೂ ಅವಳು ಬೆಂಚಿನ ಕೆಳಗೇ ಕೂತಿರ್ತಾಳಲ್ಲಪ್ಪಾ," ಎಂದಳು ಮಗಳು. ಅವಳಿಗೆ ಜಗಳಕ್ಕೆ ಶಕ್ತಿ ಇರಲಿಲ್ಲ. ಅಳಿಯ ಬೇಕರಿಯವನು, ನಸುಕಿಗೇ ಎದ್ದು ಒಲೆ ಹೊತ್ತಿಸುವವನು. ಮನೆಯಲ್ಲಿ ಜಗಳದ ವಾಸನೆ ಬಂದ ಕೂಡಲೇ ನಿದ್ದೆ ಬರುತ್ತದೆ ಎಂದು ಒಳಗೆ ಹೋಗಿಬಿಡುತ್ತಿದ್ದ. ಬುದ್ಧಿವಂತ.

ಕೊನೆಗೆ ತಾತ ಒಪ್ಪಿದ. ಒಪ್ಪಲು ಕಾರಣ ಬೇರೆಯೇ ಇತ್ತು. ಆ ಕೇಂದ್ರದ ಪರೀಕ್ಷೆ ಮೇಡಂ ಒಂದೂವರೆ ತಿಂಗಳ ಹಿಂದೆ ಅವನ ಹತ್ತಿರವೇ ಒಂದು ಮಣೆ ಮಾಡಿಸಿಕೊಂಡು ಹೋಗಿದ್ದರು. ಮಣೆಯಲ್ಲಿ ಹತ್ತು ಗುಂಡಿ: ಚೌಕ, ವೃತ್ತ, ನಕ್ಷತ್ರ, ಅರ್ಧಚಂದ್ರ, ಹೀಗೆ. ಹತ್ತು ಮರದ ತುಂಡುಗಳನ್ನು ಮಗು ಆಯಾ ಗುಂಡಿಗೆ ಹಾಕಬೇಕು, ಎಷ್ಟು ಹೊತ್ತಾಯಿತೆಂದು ಮೇಡಂ ಗಡಿಯಾರ ನೋಡಿ ಬರೆದುಕೊಳ್ಳುತ್ತಾರೆ. ಹಳೆಯದು ಸೀಳಿಹೋಗಿತ್ತು. ತಾನೇ ಮಾಡಿದ ಮಣೆಯಲ್ಲಿ ತನ್ನ ಮೊಮ್ಮಗಳಿಗೆ ಪರೀಕ್ಷೆ ಎಂದರೆ ಗೆದ್ದಂತೆಯೇ ಎಂದು ತಾತ ಲೆಕ್ಕ ಹಾಕಿದ. "ಏನೂ ತೊಂದರೆ ಇಲ್ಲ" ಎಂಬ ಕಾಗದ ತಂದು ಟೀಚರ್ ಮೇಜಿನ ಮೇಲೆ ಇಡಬೇಕು. ಅವನಿಗೆ ಬೇಕಿದ್ದದ್ದು ಅದೊಂದೇ.

ಆ ಮಣೆಯ ನಕ್ಷೆಯಲ್ಲಿ ಮೇಡಂ ತಮ್ಮ ಕೈಯಾರೆ ಬರೆದಿದ್ದರು: ಪ್ರತಿ ಗುಂಡಿಯಲ್ಲೂ ಎರಡು ಮಿಲಿಮೀಟರ್ ಸಡಿಲ ಬಿಡಿ. ತಾತ ಅದನ್ನು ಓದಿ ಮರುಗಿದ್ದ. ಪಾಪ, ಓದಿದ ಹೆಂಗಸು, ಮರದ ವಿಷಯ ಅವರಿಗೇನು ಗೊತ್ತು! ಇಂಥ ತಪ್ಪನ್ನು ಎತ್ತಿ ತೋರಿಸಿ ಅವಮಾನ ಮಾಡುವುದು ಬೇಡವೆಂದು ಸದ್ದಿಲ್ಲದೆ ತಾನೇ ತಿದ್ದಿಬಿಟ್ಟ. ಒಂದೇ ಹಲಗೆಯಿಂದ ತುಂಡು ಕೊರೆದು, ಅದರದೇ ಗುಂಡಿಗೆ ಅದನ್ನೇ ಕೂರಿಸಿದ. ಹಲಗೆಯಲ್ಲಿನ ಮರದ ಗೆರೆ ತುಂಡಿನ ಗೆರೆಯ ಜೊತೆ ಕೂಡಬೇಕು, ಹಾಗೆ ಕೂಡಿಸಿ ಅಂಗೈಯ ಬುಡದಿಂದ ಒಂದು ಗುದ್ದು ಕೊಟ್ಟರೆ ತುಂಡು ಕೂರುತ್ತಿತ್ತು. ಕೂತ ಮೇಲೆ ಮಣೆಯನ್ನು ತಲೆಕೆಳಗು ಮಾಡಿ ಅಲ್ಲಾಡಿಸಿದ, ಒಂದೂ ಬೀಳಲಿಲ್ಲ. "ಸಂದಿಲ್ಲ!" ಎಂದು ಕೂಗಿದ. ಇದನ್ನೆಲ್ಲ ಕತ್ತು ಚಾಚಿ ನೋಡುತ್ತಿದ್ದ ಮೊಮ್ಮಗಳಿಂದ, ಮೇಜಿನ ಕೆಳಗಿನಿಂದ, "ಸಂದಿಲ್ಲ" ಎಂದು ಪ್ರತಿಧ್ವನಿ ಬಂತು.

ಮೊದಲ ಭೇಟಿಯಲ್ಲಿ ಬರೀ ಪ್ರಶ್ನೆಗಳು. ಮಗು ಯಾವಾಗ ನಡೆಯಿತು, ಯಾವಾಗ ಮಾತಾಡಿತು, ಏನು ಕಂಡರೆ ಹೆದರುತ್ತದೆ. ಮಗಳು ಹೇಳುತ್ತಿದ್ದಳು, ತಾತ ತಿದ್ದುತ್ತಿದ್ದ.

"ದಿನಾ ಅದೇ ಲೋಟ ಬೇಕು ಅಂತ ಹಟ ಮಾಡ್ತಾಳಾ?" ಮೇಡಂ ಕೇಳಿದರು.

"ಅದರಲ್ಲೇನಿದೆ? ಲೋಟ ಬದಲಾದ್ರೆ ನಾನೂ ಚಹಾ ಕುಡಿಯಲ್ಲ," ಎಂದ ತಾತ.

"ಹೋಗೋ ದಾರಿ ಬದಲಾದ್ರೆ?"

"ಇರೋ ದಾರಿ ಬಿಟ್ಟು ಯಾರಾದ್ರೂ ಬೇರೆ ದಾರೀಲಿ ಹೋಗ್ತಾರಾ ಮೇಡಂ?"

ಮೇಡಂ ಪೆನ್ನು ಎತ್ತಿ ಅವನನ್ನೇ ಸ್ವಲ್ಪ ಹೊತ್ತು ನೋಡಿ, ಪುಟದ ಅಂಚಿನಲ್ಲಿ ಏನೋ ಬರೆದುಕೊಂಡರು. ಮಗಳು ತಲೆ ತಗ್ಗಿಸಿ ನಗು ನುಂಗಿಕೊಂಡಳು.

ಎರಡನೆಯ ಭೇಟಿ ಸೋಮವಾರ. ಅಂದು ಮಣೆಯ ಸರದಿ. ದಾರಿಯಲ್ಲಿ ತಾತ ಮೊಮ್ಮಗಳನ್ನು ಕೇಳಿದ: "ಸ್ಕೂಲಲ್ಲಿ ನಿನ್ನ ಪಕ್ಕ ಇನ್ನೊಬ್ರು ಟೀಚರ್ ಕೂತ್ಕೋಬೇಕಾ? ಬೇಡ ಅಲ್ವಾ?" ಅವಳು ಒಂದು ಗೇಟಿನ ಸರಳುಗಳನ್ನು ಎಣಿಸುತ್ತಿದ್ದಳು. "ನೋಡು, ಮಗುನೇ ಬೇಡ ಅಂತಿದೆ," ಎಂದು ತಾತ ಮಗಳಿಗೆ ಹೇಳಿದ.

ಕೇಂದ್ರದ ಮೊಗಸಾಲೆಯಲ್ಲಿ ಒಂದು ಬೆಂಚು. ಅದರ ಮೇಲೆ ಒಬ್ಬ ಬಸ್ ಡ್ರೈವರ್ ಕೂತಿದ್ದ, ಡ್ಯೂಟಿಯ ಬಟ್ಟೆಯಲ್ಲೇ. ಎರಡು ಜಡೆಯ ಅವನ ಮಗಳು ಒಳಗೆ ಪರೀಕ್ಷೆಗೆ ಹೋಗಿದ್ದಳು. "ಮಾತು ತಡ ಅಂತ ಕರ್ಕೊಂಡು ಬಂದೆ ಯಜಮಾನ್ರೇ," ಎಂದ. "ಮೂರು ವಾರದ ಹಿಂದೆ ಆ ಮಣೆ ಮುಂದೆ ಕೂತು ಅತ್ತುಬಿಟ್ಲು. ಕೈಯೂ ನಿಧಾನ ಅಂತ ಆಯ್ತು. ಅವತ್ತಿಂದ ಮನೇಲಿ ಡಬ್ಬದ ಮುಚ್ಚಳ ಹಾಕ್ಸಿ ಹಾಕ್ಸಿ ಅಭ್ಯಾಸ ಮಾಡಿಸ್ತಿದೀನಿ. ಬಸ್ಸಲ್ಲೂ ಮಾಡಿಸ್ದೆ. ಇವತ್ತು ಇನ್ನೊಂದು ಸಲ ನೋಡ್ತೀನಿ ಅಂದಿದಾರೆ."

ಬಾಗಿಲಲ್ಲಿ ಒಂದು ಸಣ್ಣ ಗಾಜು. ತನ್ನ ಮಣೆ ನೋಡುವ ಆಸೆಗೆ ತಾತ ಎದ್ದು ಇಣುಕಿದ. ಎರಡು ಜಡೆಯ ಹುಡುಗಿ ಚೌಕವನ್ನು ಎತ್ತಿಕೊಂಡಳು. ಸರಿಯಾಗಿ ಚೌಕದ ಗುಂಡಿಯ ಮೇಲೆಯೇ ಇಟ್ಟಳು. ತುಂಡು ಒಳಗೆ ಹೋಗಲಿಲ್ಲ. ಎರಡೂ ಹೆಬ್ಬೆರಳಿಂದ ಒತ್ತಿದಳು, ಹೋಗಲಿಲ್ಲ. ಮೇಡಂ ಮುಖ ನೋಡಿದಳು. ಪಾಪ, ತಾನೇ ತಪ್ಪು ಮಾಡಿದೆ ಅಂದುಕೊಂಡು ಅದನ್ನು ತೆಗೆದು ವೃತ್ತದ ಗುಂಡಿಯಲ್ಲಿ ಇಟ್ಟು ನೋಡಿದಳು, ಆಮೇಲೆ ನಕ್ಷತ್ರದ ಗುಂಡಿಯಲ್ಲಿ. ಕಣ್ಣಲ್ಲಿ ನೀರು ತುಂಬಿತು. ಗೆರೆ ಅಡ್ಡಡ್ಡ ಹಿಡಿದಿದ್ದಾಳೆ, ಎಂದು ತಾತನ ಬಾಯಿಗೆ ಬಂತು. ತಿರುಗಿಸಿ ಗುದ್ದಮ್ಮ, ಗುದ್ದು! ಆಗಲೇ ಅವನಿಗೆ ಹೊಳೆಯಿತು. ಆರು ವರ್ಷದ ಮಗು ಮರದ ಗೆರೆ ನೋಡಬೇಕೆಂದು ಯಾವ ಪರೀಕ್ಷೆಯಲ್ಲಿದೆ? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಗಾದೆ ಇದೆ. ಇಲ್ಲಿ ನೆಲವೇ ಡೊಂಕಾಗಿತ್ತು, ಡೊಂಕು ಮಾಡಿದವನು ಗಾಜಿನ ಹೊರಗೆ ನಿಂತಿದ್ದ.

ಮುಂದಿನ ಸರದಿ ಮೊಮ್ಮಗಳದು. ಅವಳು ಚೌಕವನ್ನು ಎತ್ತಿ ಮೂಸಿದಳು. ಗೆರೆ ನೋಡಿದಳು, ಅರ್ಧ ಸುತ್ತು ತಿರುಗಿಸಿದಳು, ಅಂಗೈಯ ಬುಡದಿಂದ ಗುದ್ದಿದಳು. ಟಕ್. ವೃತ್ತ, ಟಕ್. ನಕ್ಷತ್ರ, ಟಕ್. ಮೇಡಂ ಗಡಿಯಾರವನ್ನು ಕಿವಿಗೆ ಹಿಡಿದು ಅದು ನಡೆಯುತ್ತಿದೆಯೇ ಎಂದು ನೋಡಿಕೊಂಡರು.

ಆಟ ಮುಗಿದ ಮೇಲೆ ಅವರು ಹೊರಗೆ ಬಂದು ಹೇಳಿದರು: "ಒಂದು ತಿಂಗಳಿಂದ ಇಲ್ಲಿ ಯಾವ ಮಗುನೂ ಇಷ್ಟು ಬೇಗ ಮಾಡಿಲ್ಲ. ಅದೇನೋ ಗೊತ್ತಿಲ್ಲ, ಈ ತಿಂಗಳು ಬಂದೋರೆಲ್ಲ ಈ ಮಣೇಲಿ ತುಂಬ ನಿಧಾನ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬಂತೆ ತಾತ ತನ್ನ ಎರಡೂ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡ. ಸಂತೋಷದಿಂದ ಕುಣಿಯಬೇಕಿತ್ತು. ಪಕ್ಕದ ಬೆಂಚಿನಲ್ಲಿ ಡ್ರೈವರ್ ಮಗಳ ಕಣ್ಣೊರೆಸಿ, "ನಾಳೆಯಿಂದ ದೊಡ್ಡ ಡಬ್ಬ ತಗೊಳ್ಳೋಣ ಕಣಮ್ಮ," ಎನ್ನುತ್ತಿದ್ದ. ವರದಿ ಗುರುವಾರ ಎಂದರು ಮೇಡಂ. ಮನೆಗೆ ನಡೆಯುವ ದಾರಿಯುದ್ದಕ್ಕೂ ಮೊಮ್ಮಗಳು "ಸಂದಿಲ್ಲ, ಸಂದಿಲ್ಲ" ಎಂದು ಹಾಡಿಕೊಂಡು ಬಂದಳು. ಅವನದೇ ಮಾತು, ಇವತ್ತು ಕಿವಿಗೆ ಚುಚ್ಚಿತು.

ಆ ಮಧ್ಯಾಹ್ನ ತಾತನಿಗೆ ಊಟ ಇಳಿಯಲಿಲ್ಲ. ಹೇಳಿದರೆ ಮೊಮ್ಮಗಳ ಗೆಲುವು ಗೆಲುವೇ ಅಲ್ಲವೆಂದಾಗುತ್ತದೆ, "ತೊಂದರೆ ಇಲ್ಲ" ಎಂಬ ಕಾಗದ ಕೈತಪ್ಪುತ್ತದೆ. ಹೇಳದಿದ್ದರೆ ಆ ಡ್ರೈವರ್ ಮಗಳ ಕೈಯಲ್ಲಿ ಪೀಪಾಯಿಯ ಮುಚ್ಚಳ ಹಾಕಿಸುವವರೆಗೂ ಬಿಡುವುದಿಲ್ಲ. ಹೀಗೆ ಹೊಯ್ದಾಡುತ್ತ ಅಡುಗೆಮನೆಯ ಬಾಗಿಲಲ್ಲಿ ನಿಂತ. ಅಜ್ಜಿ ಚಮಚಕ್ಕಾಗಿ ಗೋಡೆಗೆ ಕಾಲು ಊರಿ ಡ್ರಾಯರ್ ಎಳೆಯುತ್ತಿದ್ದಳು.

"ಏನ್ರೀ, ಮುಖ ಹೀಗ್ಯಾಕಿದೆ?"

ತಾತ ಎಲ್ಲ ಹೇಳಿಬಿಟ್ಟ. ನಕ್ಷೆ ತಿದ್ದಿದ್ದು, ಎರಡು ಜಡೆ, ಡಬ್ಬದ ಮುಚ್ಚಳ. ಅಜ್ಜಿ ಹಿಡಿಕೆ ಬಿಟ್ಟು, ನೆಲದ ಮೇಲೆ ಕೂತು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು.

"ನಲವತ್ತು ವರ್ಷದಿಂದ ನಾನೂ ಇದೇ ಪರೀಕ್ಷೆಗೆ ಕೂತಿದೀನಲ್ರೀ, ಇನ್ನೂ ಪಾಸಾಗಿಲ್ಲ! ನನಗಾದ್ರೆ ಬಾಯಿದೆ, ಬೈತೀನಿ. ಆ ಮಕ್ಕಳು ಯಾರನ್ನ ಬೈಬೇಕು?"

ಮಂಗಳವಾರ ಬೆಳಿಗ್ಗೆ ತಾತ ಉಳಿ, ಮರ ಉಜ್ಜುವ ಅರ, ಉಪ್ಪುಕಾಗದ ಚೀಲಕ್ಕೆ ತುಂಬಿಕೊಂಡು ಕೇಂದ್ರಕ್ಕೆ ಹೋದ. ಮೇಡಂ ಮುಂದೆ ನಿಂತು, "ತಪ್ಪು ಮಕ್ಕಳದಲ್ಲ, ಮಣೇದು," ಎಂದ.

"ಸಡಿಲ ಬಿಡಿ ಅಂತ ನಕ್ಷೇಲಿ ಬರೆದಿದ್ನಲ್ಲ?"

"ತಿಳೀದೆ ಬರೆದಿದೀರಿ ಅಂದ್ಕೊಂಡು ತಿದ್ದಿದೆ."

ಮೇಡಂ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡರು. "ನಾನೂ ಕೂರಿಸಿ ನೋಡಿದ್ದೆ. ಹೊಸ ಮರ, ಸ್ವಲ್ಪ ಬಿಗಿ, ಬಳಸ್ತಾ ಸರಿಹೋಗುತ್ತೆ ಅಂದ್ಕೊಂಡೆ. ನನ್ನದೂ ತಪ್ಪೇ." ಪುಸ್ತಕ ತೆಗೆದು ಎಣಿಸಿದರು. ಹದಿನಾಲ್ಕು ಮಕ್ಕಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಗಿತ್ತು. "ಒಂದು ಮಣೆ ನೋಡಿ ನಾವು ಯಾರಿಗೂ ಹೆಸರಿಡಲ್ಲ, ಆದ್ರೂ ಅಷ್ಟೂ ಮಕ್ಕಳನ್ನ ಮತ್ತೆ ಕರೀಬೇಕು," ಎಂದರು.

ತಾತ ಹೋಗಲಿಲ್ಲ. "ಹಾಗಾದ್ರೆ ನನ್ನ ಮೊಮ್ಮಗಳ ಕಾಗದ?"

"ಅದು ಬದಲಾಗಲ್ಲ ಯಜಮಾನ್ರೇ. ಮಣೆ ಸರಿಯಿದ್ದಿದ್ರೂ ಅದೇ ಬರೀತಿದ್ದೆ. ಅವಳ ಕಣ್ಣು, ಕೈ ಎರಡೂ ಚುರುಕು, ಅದು ಮೊದಲೇ ಗೊತ್ತಾಯ್ತು. ಆದ್ರೆ ಒಂದು ಗಂಟೇಲಿ ಒಂದು ಸಲಾನೂ ನನ್ನ ಮುಖ ನೋಡ್ಲಿಲ್ಲ. ಗೊಂಬೆಗೆ ಊಟ ಮಾಡಿಸು ಅಂದ್ರೆ ಗೊಂಬೆ ಕಾಲು ಅಳೆದು ಒಂದು ಉದ್ದ, ಒಂದು ಗಿಡ್ಡ ಅಂದ್ಲು."

"ನಿಜವಾಗ್ಲೂ ಗಿಡ್ಡ ಇತ್ತಾ?"

"ಇತ್ತು," ಎಂದು ಮೇಡಂ ನಕ್ಕರು. ಆಮೇಲೆ ಕುರ್ಚಿ ಎಳೆದು ಅವನನ್ನು ಕೂರಿಸಿದರು. ಮೊದಲ ದಿನ ಮಗಳು ಹೇಳಿದ್ದು, ಶಾಲೆಯವರು ಬರೆದದ್ದು, ತಾವು ಆಟದಲ್ಲಿ ಕಂಡದ್ದು ಎಲ್ಲ ಸೇರಿಸಿ ನೋಡಿದರೆ ಇದಕ್ಕೆ ಆಟಿಸಂ ಎನ್ನುತ್ತಾರೆ ಎಂದರು. ರೋಗವಲ್ಲ, ಯಾರೂ ಮಾಡಿದ ತಪ್ಪೂ ಅಲ್ಲ, ಅವಳ ಮೆದುಳು ಬೆಳೆದ ರೀತಿಯೇ ಬೇರೆ. ಮಾತು ಅವಳಿಗೆ ಕೇಳಿಸುತ್ತದೆ, ಅರ್ಥವೂ ಆಗುತ್ತದೆ, ಉತ್ತರ ಹೊರಗೆ ಬರಲು ಹೊತ್ತು ಬೇಕು. "ಸ್ಕೂಲಲ್ಲಿ ಯಾರೂ ಅಷ್ಟು ಹೊತ್ತು ಕಾಯಲ್ಲ. ಅದಕ್ಕೇ ಒಬ್ರು ಪಕ್ಕ ಬೇಕು."

ತಾತ ಅಳು ಬರುತ್ತದೆಂದು ಗೊತ್ತಾದ ಕೂಡಲೇ ಎದ್ದು, ಮಣೆ ಎತ್ತಿಕೊಂಡು ಮೊಗಸಾಲೆಯ ನೆಲದ ಮೇಲೆ ಕೂತ. ಮೊದಲು ಚೌಕದ ಗುಂಡಿಗೆ ಅರ ಹಾಕಿದ. ಐವತ್ತು ವರ್ಷದಲ್ಲಿ ಮೊದಲ ಸಲ ಬೇಕೆಂದೇ ಸಂದು ಬಿಡುತ್ತಿದ್ದ. ತನ್ನ ಹಲ್ಲನ್ನೇ ತಾನು ಉಜ್ಜಿ ಸವೆಸಿದಂತಾಯಿತು. ಎರಡು ಮಿಲಿಮೀಟರ್ ಬರುವಷ್ಟರಲ್ಲಿ ಮೂರು ಸಲ ಎದ್ದು ನೀರು ಕುಡಿದ. ಹತ್ತನೆಯ ಗುಂಡಿ ಮುಗಿದಾಗ ಮಣೆಯನ್ನು ತಲೆಕೆಳಗು ಮಾಡಿದ. ಹತ್ತೂ ತುಂಡು ದಡದಡನೆ ಬಿದ್ದವು. ಆ ಸದ್ದಿಗೆ ಕಣ್ಣು ಮುಚ್ಚಿಕೊಂಡ.

ಗುರುವಾರ ಮನೆಯವರೆಲ್ಲ ಹೋದರು, ಅಳಿಯನೂ ನಿದ್ದೆ ಬಿಟ್ಟು ಬಂದ. ಡ್ರೈವರ್ ಮಗಳಿಗೆ ಆಗಲೇ ಕರೆ ಹೋಗಿತ್ತು. ತಾತ ಗಾಜಿನಲ್ಲಿ ಇಣುಕಿದ. ಎರಡು ಜಡೆ ಚೌಕವನ್ನು ಗುಂಡಿಯ ಮೇಲೆ ಇಟ್ಟಿತು. ತುಂಡು ತಾನಾಗಿ ಒಳಗೆ ಬಿತ್ತು. ಹುಡುಗಿ ಗಾಬರಿಯಿಂದ ಕೈ ಹಿಂದೆಗೆದಳು, ಆಮೇಲೆ ಬಾಯಿ ತುಂಬ ನಕ್ಕಳು. ಹತ್ತೂ ತುಂಡು ಹಾಕಿ ಮುಗಿಸಿ ಹೊರಗೆ ಓಡಿ ಬಂದು ಅಪ್ಪನ ಕಾಲು ತಬ್ಬಿಕೊಂಡಳು. ಮಾತಿನ ಅಭ್ಯಾಸಕ್ಕೆ ವಾರಕ್ಕೆರಡು ಸಲ ಕರೆದುಕೊಂಡು ಬನ್ನಿ, ಕೈಗೇನೂ ಬೇಡ ಎಂದರು ಮೇಡಂ. ಡ್ರೈವರ್ ತನ್ನ ಚೀಲದಿಂದ ಏಳು ಡಬ್ಬ ತೆಗೆದು, "ಹಾಗಾದ್ರೆ ಇವು ಬೇಡ್ವಾ?" ಎಂದು ಕೇಳಿದ. ತಾತ ಅವನ ಪಕ್ಕ ಕೂತು ಮಣೆಯ ಕತೆ ಹೇಳಿ, ಕೈ ಮುಗಿದ. ಡ್ರೈವರ್ ಏಳೂ ಡಬ್ಬಗಳನ್ನು ಒಂದೊಂದಾಗಿ ಮತ್ತೆ ಚೀಲಕ್ಕೆ ಹಾಕಿದ. "ನಮ್ಮ ಮನೆ ಕಿಟಕಿ ಮಾಡಿದ್ದೂ ನೀವೇನಾ?" ಎಂದ ಕೊನೆಗೆ.

ವರದಿಯ ಜೊತೆ ಶಾಲೆಗೊಂದು ಹಾಳೆ ಇತ್ತು. ಕೆಳಗೆ ಖಾಲಿ ಜಾಗ, ಮನೆಯವರು ತಿಳಿಸಬೇಕಾದದ್ದು. ಮಗಳು ಪೆನ್ನು ಹಿಡಿದು ಏನು ಬರೆಯಲೆಂದು ಯೋಚಿಸುತ್ತಿದ್ದಳು. ತಾತ ಪೆನ್ನು ಕಿತ್ತುಕೊಂಡು, ಗರಗಸದ ಹಲ್ಲಿನಂಥ ಅಕ್ಷರದಲ್ಲಿ ಬರೆದ: "ಪ್ರಶ್ನೆ ಕೇಳಿದ ಮೇಲೆ ಕಾಯಬೇಕು. ಒಂದು ದಿನ ಆಗಬಹುದು. ಹೆಚ್ಚೂ ಆಗಬಹುದು. ಉತ್ತರ ಬರುತ್ತದೆ." ಮಗಳು ಓದಿ ಅಪ್ಪನ ತೋಳು ಹಿಡಿದುಕೊಂಡಳು.

ಮನೆಗೆ ಬಂದವನೇ ಯಾರಿಗೂ ಹೇಳದೆ ತಾತ ಅಡುಗೆಮನೆಗೆ ಹೋಗಿ ಚಮಚದ ಡ್ರಾಯರ್ ಬಿಚ್ಚಿ ಎರಡೂ ಬದಿ ಉಜ್ಜಿ ಮತ್ತೆ ಕೂರಿಸಿದ. ಹೇಳದೆ ಇದ್ದದ್ದು ತಪ್ಪಾಯಿತು. ಅಜ್ಜಿ ಬಂದಳು, ಗೋಡೆಗೆ ಕಾಲು ಊರಿದಳು, ನಲವತ್ತು ವರ್ಷದ ಬಲ ಹಾಕಿ ಎಳೆದಳು. ಡ್ರಾಯರ್ ಬೆಣ್ಣೆಯ ಹಾಗೆ ಜಾರಿತು. ಅಜ್ಜಿ ನೆಲದ ಮೇಲೆ, ಡ್ರಾಯರ್ ಅವಳ ಮಡಿಲಲ್ಲಿ, ಚಮಚಗಳು ಮನೆಯ ನಾಲ್ಕು ಮೂಲೆಗೂ.

"ಸಡಿಲ," ಎಂದು ತೀರ್ಪು ಕೊಟ್ಟು ಮೊಮ್ಮಗಳು ಬಂದಳು. ಚಮಚಗಳನ್ನು ಒಂದೊಂದಾಗಿ ಆರಿಸಿ, ಉದ್ದದ ಪ್ರಕಾರ ಸಾಲಾಗಿ ಇಡತೊಡಗಿದಳು. ಅಜ್ಜಿ ಸೊಂಟ ಹಿಡಿದುಕೊಂಡು ಬೈಯಲು ಬಾಯಿ ತೆರೆಯುವಷ್ಟರಲ್ಲಿ ಹುಡುಗಿ ತಲೆ ಎತ್ತದೆ ಹೇಳಿದಳು:

"ಬೇಕು."

"ಏನು ಬೇಕಮ್ಮಾ?" ಎಂದ ತಾತ. ಕೇಳಿ, ತುಟಿ ಕಚ್ಚಿಕೊಂಡು ಕಾದ. ಅಜ್ಜಿಗೂ ಕೈ ಸನ್ನೆ ಮಾಡಿ ಸುಮ್ಮನಿರಿಸಿದ. ನಾಲ್ಕು ಚಮಚ ಸಾಲಿಗೆ ಸೇರಿದವು.

"ಟೀಚರ್. ಪಕ್ಕ."

ಸೋಮವಾರ ದಾರಿಯಲ್ಲಿ ಕೇಳಿದ ಪ್ರಶ್ನೆ. ಬೇಡ ಎಂದು ಅವನೇ ಉತ್ತರ ಹೇಳಿಬಿಟ್ಟಿದ್ದ, ಅವಳು ಮೂರು ದಿನ ಅದನ್ನು ಹೊತ್ತುಕೊಂಡು ತಿರುಗಿದ್ದಳು. ತಾತ ಕಣ್ಣೊರೆಸಿಕೊಂಡು ಒಲೆಯ ಕೆಳಗೆ ಬಿದ್ದಿದ್ದ ಚಮಚವೊಂದನ್ನು ತೆಗೆದ. ಅವಳ ಪಕ್ಕ, ಒಂದು ಗೇಣು ಜಾಗ ಬಿಟ್ಟು, ನೆಲದ ಮೇಲೆ ಕೂತು ಅದನ್ನು ಅವಳ ಕೈಗೆ ಕೊಟ್ಟ.